ಜೀವನನ ನೆತ್ತಿ

ಜೀವನನ ನೆತ್ತಿ ಉಬ್ಬಿದೆ ಎಂದು ಭುವನೇಶ್ವರಿ ಮೊದಲ ಸಲ ಹೇಳಿದಾಗ ಆ ಮನೆಯಲ್ಲಿ ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಭಾನುವಾರದ ಮಧ್ಯಾಹ್ನ. ಮಾವ ಅಂಜಿನಯ್ಯ ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದುತ್ತಿದ್ದರು. ಗಂಡ ಮೋಹನ್ ಕುಮಾರ್ ಎಡಗೈಯಲ್ಲಿ ಫೋನು ಹಿಡಿದು ಬಲಗೈಯಲ್ಲಿ ಪಲ್ಯ ಕಲಸುತ್ತಿದ್ದ. ಬಡಿಸುತ್ತಿದ್ದ ಅತ್ತೆ ಶಿವಗಂಗಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಒರೆಸಿ ಹೇಳಿದರು:

"ಜ್ವರ ಬಂದಿರೋ ಮಗು ಅಳುತ್ತೆ. ಅತ್ರೆ ನೆತ್ತಿ ಏಳುತ್ತೆ. ನಾನೇನು ಮಕ್ಕಳನ್ನ ಸಾಕಿಲ್ವಾ?"

"ಈಗ ಅಳ್ತಾ ಇಲ್ಲ ಅತ್ತೆ. ಎತ್ತಿ ಕೂರಿಸ್ಕೊಂಡ್ರೂ ಹಂಗೇ ಇದೆ. ಒಂದ್ಸಲ ಮುಟ್ಟಿ ನೋಡಿ."

"ಊಟ ಮುಗೀಲಿ, ನೋಡೋಣ."

ಭುವನೇಶ್ವರಿ ಒಳಗೆ ಹೋಗಿ ಮಗುವನ್ನು ಮತ್ತೆ ಎತ್ತಿಕೊಂಡಳು. ಎಂಟು ತಿಂಗಳ ಕೂಸು. ಹಿಂದಿನ ದಿನದಿಂದ ಮೈ ಸುಡುತ್ತಿತ್ತು. ಬೆಳಿಗ್ಗೆ ತಿಂದ ರಾಗಿ ಸರಿಯನ್ನೆಲ್ಲ ಕಕ್ಕಿದ್ದ. ಹರಳೆಣ್ಣೆ ಹಚ್ಚುವಾಗ ಅವಳ ಅಂಗೈಗೆ ಸಿಗುತ್ತಿದ್ದ ಆ ಮೆತ್ತನೆಯ ತಗ್ಗು ಈಗ ಇರಲಿಲ್ಲ. ಒಳಗಿನಿಂದ ಯಾರೋ ಹೆಬ್ಬೆರಳಿಟ್ಟು ತಳ್ಳಿದ ಹಾಗೆ ಆ ಜಾಗ ಬಿಗಿದುಕೊಂಡು ಮೇಲೆದ್ದಿತ್ತು. ಮಗುವಿನ ಕಣ್ಣು ಅವಳ ಮುಖದ ಮೇಲೆ ನಿಲ್ಲದೆ ಜಾರುತ್ತಿತ್ತು.

ಅವಳು ಬ್ಯಾಗಿಗೆ ಎರಡು ಬಟ್ಟೆ ತುರುಕಿ ಹೊರಗೆ ಬಂದಳು. "ರೀ, ಆಸ್ಪತ್ರೆಗೆ ಹೋಗ್ತಾ ಇದೀನಿ."

"ಈ ಮುದ್ದೆ ಮುಗಿಸಿ ಬಂದೆ ಇರು."

"ನೀವು ಮುಗಿಸಿ. ನಾನು ಆಟೋ ಹಿಡೀತೀನಿ."

ಅಷ್ಟರಲ್ಲಿ ಮೋಹನನ ಅಕ್ಕ ಉಮಾಶ್ರೀ ಮಹಡಿ ಇಳಿದು ಬಂದಳು. ಗಂಡನನ್ನು ಬಿಟ್ಟು ತವರಿಗೆ ಬಂದು ಮೂರು ವರ್ಷ ಆಗಿತ್ತು. ಮೇಲಿನ ಪೋರ್ಷನ್ನಿನಲ್ಲಿ ಅವಳೊಬ್ಬಳೇ ಇದ್ದು, ಯಾವುದೋ ಕಂಪನಿಯ ಆರೋಗ್ಯದ ಪುಡಿ, ಎಣ್ಣೆ, ಮಾತ್ರೆಗಳನ್ನು ಬಡಾವಣೆಯ ಹೆಂಗಸರಿಗೆ ಮಾರುತ್ತಿದ್ದಳು. ಮಗುವಿನ ಕೆನ್ನೆ ಮುಟ್ಟಿ, "ಹಲ್ಲು ಬರೋ ಜ್ವರ ಕಣೇ. ಇಷ್ಟಕ್ಕೆಲ್ಲ ಆಸ್ಪತ್ರೆಗೆ ಓಡ್ತಾರಾ?" ಎಂದಳು.

ಭುವನೇಶ್ವರಿ ಮೆಟ್ಟಿಲಿಳಿದಳು. ಆಟೋ ಹೊರಡುವ ಹೊತ್ತಿಗೆ ಮೋಹನ್ ಕುಮಾರ್ ಎಂಜಲು ಕೈಯನ್ನು ಕರ್ಚೀಫಿಗೆ ಒರೆಸಿಕೊಳ್ಳುತ್ತಾ ಓಡಿ ಬಂದು ಪಕ್ಕದಲ್ಲಿ ಕೂತ. ಆಟೋ ಬಸವೇಶ್ವರನಗರ ದಾಟಿತು.

ಮಕ್ಕಳ ಆಸ್ಪತ್ರೆಯ ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವನ್ನು ಅಮ್ಮನ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಅದು ಸಮಾಧಾನ ಆಗುವವರೆಗೂ ಕಾದು, ಆಮೇಲೆ ಎರಡು ಬೆರಳನ್ನು ನೆತ್ತಿಯ ಮೇಲಿಟ್ಟರು.

"ತಲೆ ಒಳಗೆ ಒತ್ತಡ ಜಾಸ್ತಿ ಆಗಿದೆ. ನೆತ್ತಿ ಇನ್ನೂ ಮುಚ್ಚಿಲ್ಲ, ಅದಕ್ಕೇ ಹೊರಗೆ ಕಾಣ್ತಾ ಇದೆ. ಜ್ವರ ಇರೋ ಮಗುಗೆ ಹೀಗಾದ್ರೆ ಮೆದುಳು ಜ್ವರ ಅಲ್ಲ ಅಂತ ಮೊದಲು ಖಾತ್ರಿ ಮಾಡ್ಕೋಬೇಕು. ಈಗ ಸ್ಕ್ಯಾನ್ ಮಾಡ್ತೀವಿ. ಆಮೇಲೆ ಸೊಂಟದ ಹತ್ತಿರ ಸೂಜಿ ಹಾಕಿ ಸ್ವಲ್ಪ ಬೆನ್ನುನೀರು ತೆಗೀಬೇಕು."

"ಬೆನ್ನಿಗೆ ಸೂಜೀನಾ?" ಮೋಹನ್ ಕುಮಾರ್ ಎದ್ದು ನಿಂತ. "ಒಂದ್ನಿಮಿಷ ಡಾಕ್ಟ್ರೇ, ನಮ್ಮ ತಂದೇನ ಕೇಳ್ತೀನಿ."

ಅವನು ಬಾಗಿಲ ಹೊರಗೆ ಹೋಗಿ ಫೋನು ಮಾಡಿದ. ಅಂಜಿನಯ್ಯನ ಗಂಟಲು ಫೋನಿನಿಂದಲೇ ವರಾಂಡಕ್ಕೆಲ್ಲ ಕೇಳಿಸುತ್ತಿತ್ತು. "ಬೆನ್ನಿಗೆ ಚುಚ್ಚಿದ್ರೆ ಕಾಲು ಹೋಗ್ತವೆ ಕಣೋ. ಸಹಿ ಹಾಕ್ಬೇಡ. ನಾನು ಬರೋವರ್ಗೂ ಏನೂ ಮಾಡೋದು ಬೇಡ ಅನ್ನು."

ಸ್ಕ್ಯಾನ್ ಆಯಿತು. ಅಡ್ಡಿಯಿಲ್ಲ, ನೀರು ತೆಗೆಯಬಹುದು ಎಂದರು. ಮೋಹನ್ ಕುಮಾರ್ ಇನ್ನೂ ವರಾಂಡದ ತುದಿಯಲ್ಲಿ ಅಪ್ಪನ ದಾರಿ ಕಾಯುತ್ತಿದ್ದ.

"ಕಾದ್ರೆ ಏನಾಗುತ್ತೆ ಮೇಡಂ?" ಭುವನೇಶ್ವರಿ ಕೇಳಿದಳು.

"ಔಷಧಿ ಈಗಲೇ ಶುರು ಮಾಡ್ತೀನಿ. ಆದ್ರೆ ಯಾವ ಜ್ವರ ಅಂತ ಗೊತ್ತಾಗ್ದೆ ಎಷ್ಟು ದಿನ ಕೊಡಲಿ? ಅದು ಮೆದುಳು ಜ್ವರ ಆಗಿದ್ರೆ ಕಿವಿ ಹೋಗಬಹುದು, ಫಿಟ್ಸ್ ಬರಬಹುದು. ಹೆದರಿಸ್ತಿಲ್ಲ, ಇರೋದು ಹೇಳ್ತಿದೀನಿ."

"ತಾಯಿ ಸಹಿ ನಡೆಯುತ್ತಾ?"

"ಧಾರಾಳವಾಗಿ."

ಅವಳು ಸಹಿ ಹಾಕಿದಳು. ಮಗುವನ್ನು ಬಿಲ್ಲಿನಂತೆ ಬಗ್ಗಿಸಿ ಹಿಡಿದ ನರ್ಸಿನ ಕೈ ಕಾಣಿಸಿತು. ಅಷ್ಟರಲ್ಲಿ ಬಾಗಿಲು ಹಾಕಿದರು. ಒಳಗಿನ ಅಳು ಕೇಳುತ್ತಿದ್ದಾಗಲೇ ಅಂಜಿನಯ್ಯ, ಶಿವಗಂಗಮ್ಮ, ಉಮಾಶ್ರೀ ಮೂವರೂ ಬಂದರು.

"ಯಾರನ್ನ ಕೇಳಿ ಸಹಿ ಹಾಕ್ದೆ?" ಅಂಜಿನಯ್ಯ ಕೇಳಿದರು.

"ಯಾರನ್ನೂ ಕೇಳ್ಲಿಲ್ಲ ಮಾವ. ಅವನು ನನ್ನ ಮಗ."

"ನಮ್ಮನೆ ಮಗ ಅಲ್ವಾ?"

"ಆಗಿದ್ರೆ ಮುದ್ದೆ ಬಿಟ್ಟು ಬರ್ತಿದ್ರಿ."

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾವನಿಗೆ ಅವಳು ಹಾಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಹಳೇ ಹಳ್ಳಿಯ ಜಮೀನು ಲೇಔಟಾಗುವ ಮೊದಲಿನಿಂದಲೂ ಅಲ್ಲೇ ಇದ್ದ ಕುಟುಂಬ ಅದು. ಅವಳು ಕುಷ್ಟಗಿ ಕಡೆಯಿಂದ ಕೆಂಗೇರಿಗೆ ಗಾರೆ ಕೆಲಸಕ್ಕೆ ಬಂದ ರಾಚಪ್ಪನ ಮಗಳು. ಮೋಹನ ಇಷ್ಟಪಟ್ಟ ಅಂತ ಮಾಡಿಕೊಂಡೆವು ಎನ್ನುವುದನ್ನು ಅಂಜಿನಯ್ಯ ಹಬ್ಬಕ್ಕೊಮ್ಮೆ ನೆನಪಿಸುತ್ತಿದ್ದರು.

ಡಾಕ್ಟರು ಹೊರಗೆ ಬಂದು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿದರು. "ಮಗುಗೆ ಏನೇನು ಕೊಡ್ತಿದೀರಿ? ಟಾನಿಕ್, ವಿಟಮಿನ್, ನಾಟಿ ಮದ್ದು, ಯಾವುದಾದ್ರೂ ಎಣ್ಣೆ? ಡಾಕ್ಟ್ರು ಬರೆದುಕೊಡೋ ವಿಟಮಿನ್ ಡಿ ಹನಿ ಬಿಟ್ಟು ಬೇರೆ ಏನಾದ್ರೂ?"

"ಇಲ್ಲ ಮೇಡಂ," ಎಂದಳು ಭುವನೇಶ್ವರಿ.

ಶಿವಗಂಗಮ್ಮ ಮಗಳ ಮುಖ ನೋಡಿದರು. ಉಮಾಶ್ರೀ, "ಎದೆಹಾಲು, ರಾಗಿ ಸರಿ, ಅಷ್ಟೇ ಡಾಕ್ಟ್ರೇ. ಮನೇಲೇ ಮೊಳಕೆ ಕಟ್ಟಿಸಿ ಮಾಡೋ ಸರಿ," ಎಂದಳು.

ಬೆನ್ನುನೀರು ತಿಳಿಯಾಗಿತ್ತು. ಮೆದುಳು ಜ್ವರ ಅಲ್ಲ ಎಂದು ಗೊತ್ತಾಯಿತು. ಎರಡು ದಿನಕ್ಕೆ ಮೈ ತಣ್ಣಗಾಯಿತು, ನೆತ್ತಿಯ ಉಬ್ಬು ನಿಧಾನವಾಗಿ ಇಳಿಯಿತು. "ಜ್ವರ ವೈರಲ್," ಎಂದರು ಡಾಕ್ಟರು ಮನೆಗೆ ಕಳಿಸುವಾಗ. "ಒತ್ತಡ ಯಾಕೆ ಏರಿತು ಅನ್ನೋದಕ್ಕೆ ನನಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಮತ್ತೆ ಉಬ್ಬಿದ್ರೆ, ವಾಂತಿ ಆದ್ರೆ, ತಕ್ಷಣ ತನ್ನಿ."

ಮನೆಯಲ್ಲಿ ಆ ಕೊನೆಯ ಮಾತು ಯಾರಿಗೂ ಬೇಕಾಗಿರಲಿಲ್ಲ. 'ಏನೂ ಇಲ್ಲ' ಎಂಬ ಮಾತೊಂದೇ ಬೇಕಾಗಿತ್ತು.

"ಏನೂ ಇಲ್ದಿರೋ ಮಗೂಗೆ ಬೆನ್ನು ಚುಚ್ಚಿಸಿದ್ಲು," ಎಂದು ಶಿವಗಂಗಮ್ಮ ಹೂ ಮಾರುವವಳಿಗೆ ಹೇಳಿದರು. ಚಿಕ್ಕಮ್ಮನ ಮಕ್ಕಳಿಗೆ ಫೋನಿನಲ್ಲಿ ಹೇಳಿದರು. ನೋಡಲು ಬಂದವರಿಗೆ ಕಾಫಿ ಕೊಡುತ್ತಾ, ಮಗುವಿನ ಅಂಗಿ ಎತ್ತಿ ಸೂಜಿಯ ಗುರುತು ತೋರಿಸಿದರು. ಅಂಜಿನಯ್ಯ ದಿನಾ ಬೆಳಿಗ್ಗೆ ಪೇಪರು ಮಡಿಸಿಟ್ಟು, ಮೊಮ್ಮಗನನ್ನು ತೊಡೆಯ ಮೇಲೆ ನಿಲ್ಲಿಸಿ ಕಾಲು ಒತ್ತಿ ನೋಡುವರು. ಮಗು ಖುಷಿಯಿಂದ ಕುಣಿಯುವುದು. ಆದರೂ ಅವರು, "ಈಗ ಗೊತ್ತಾಗಲ್ಲ, ನಡೆಯೋ ಕಾಲಕ್ಕೆ ಗೊತ್ತಾಗುತ್ತೆ," ಎನ್ನುವರು. ಅವಳಿಗೆ ಕೇಳುವಷ್ಟು ಗಟ್ಟಿಯಾಗಿ.

ಭುವನೇಶ್ವರಿ ಪಾತ್ರೆ ತೊಳೆಯುತ್ತಾ, ಬಟ್ಟೆ ಒಣಗಿಸುತ್ತಾ, ಸರಿ ಕಾಸುತ್ತಾ ಅದನ್ನೆಲ್ಲ ಕೇಳಿಸಿಕೊಂಡಳು. ಊಟಕ್ಕೆ ಕೂತರೆ ಅತ್ತೆ ಅವಳ ತಟ್ಟೆಗೆ ಬಡಿಸುತ್ತಿರಲಿಲ್ಲ. ಅವಳೇ ಎದ್ದು ಹಾಕಿಕೊಳ್ಳುತ್ತಿದ್ದಳು. ಉಮಾಶ್ರೀ ಮಾತ್ರ, "ಹೋಗ್ಲಿ ಬಿಡಮ್ಮ, ತಾಯಿ ಕರುಳು, ಹೆದರ್ಕೊಂಡು ಮಾಡಿದಾಳೆ," ಎಂದು ಅವಳ ಪರ ನಿಲ್ಲುತ್ತಿದ್ದಳು. ಆ ದಿನಗಳಲ್ಲಿ ಭುವನೇಶ್ವರಿಗೆ ಆ ಮನೆಯಲ್ಲಿ ಹತ್ತಿರ ಎನಿಸಿದವಳು ಉಮಾಶ್ರೀ ಒಬ್ಬಳೇ.

ಮಗುವಿಗಾಗಿ ಹಾಕಿದ್ದ ರಜೆ ಮುಗಿಯಿತು. ವಿಜಯನಗರದ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವಳದು. ಬೆಳಿಗ್ಗೆ ಸ್ಕೂಟರಿನಲ್ಲಿ ಹೋದರೆ ಸಂಜೆಯ ಕಾಫಿ ಹೊತ್ತಿಗೆ ವಾಪಸು. ಅಲ್ಲಿಯವರೆಗೆ ಮಗು ಅತ್ತೆಯ ಹತ್ತಿರ.

ಮತ್ತೆ ಕೆಲಸಕ್ಕೆ ಹೋಗತೊಡಗಿ ಒಂದೆರಡು ವಾರವಾಗಿತ್ತು. ಜೀವನ್ ಸಿಡಿಮಿಡಿ ಮಾಡತೊಡಗಿದ. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ದಿಂಬಿನ ಮೇಲೆ ಕೂದಲು ಉದುರಿರುತ್ತಿತ್ತು. ಚಳಿಗಾಲ, ಮೈ ಒಣಗುತ್ತೆ ಎಂದು ಅತ್ತೆ ಕೊಬ್ಬರಿ ಎಣ್ಣೆ ಸವರಿದರು. ಒಂದು ಸಂಜೆ ಭುವನೇಶ್ವರಿ ಗಾಡಿ ನಿಲ್ಲಿಸಿ ಮೇಲೆ ಬಂದಾಗ ಮಗು ವಾಂತಿ ಮಾಡಿಕೊಂಡು ಸೊರಗಿ ಮಲಗಿತ್ತು. ಅವಳು ಹೆಲ್ಮೆಟ್ಟನ್ನೂ ತೆಗೆಯದೆ ನೆತ್ತಿಗೆ ಕೈ ಇಟ್ಟಳು. ಅದೇ ಉಬ್ಬು, ಅದೇ ಬಿಗಿ. ಮೈ ಮಾತ್ರ ತಣ್ಣಗಿತ್ತು.

"ಜ್ವರ ಇಲ್ಲ. ಆದ್ರೂ ಉಬ್ಬಿದೆ," ಎಂದಳು.

"ನಾನು ಅವತ್ತೇ ಹೇಳಿದ್ದೆ," ಅಂಜಿನಯ್ಯ ಟೀವಿಯ ಸದ್ದು ತಗ್ಗಿಸಿದರು. "ಆ ಸೂಜಿ ಒಳಗೆ ಏನೋ ಕೆಡಿಸಿದೆ."

ಮೋಹನ್ ಕುಮಾರ್ ಆಗಷ್ಟೇ ತನ್ನ ಪ್ಲೈವುಡ್ ಅಂಗಡಿಯಿಂದ ಬಂದಿದ್ದ. "ಮತ್ತೆ ಅಲ್ಲಿಗೇ ಹೋಗಿ ಮತ್ತೆ ಚುಚ್ಚಿಸೋದಾ? ಸ್ವಲ್ಪ ತಾಳ್ಮೆ ತಗೋ ಭುವನಾ. ನಾಳೆ ಬೇರೆ ಡಾಕ್ಟ್ರಿಗೆ ತೋರ್ಸೋಣ."

"ಆಸ್ಪತ್ರೇಲಿ ಇಳೀತು. ನಾನು ರಜಾ ಹಾಕಿ ಮನೇಲಿದ್ದಾಗ ಚೆನ್ನಾಗಿದ್ದ. ನಾನು ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ಮೇಲೆ ಮತ್ತೆ ಬಂತು. ನಾನಿಲ್ಲದಾಗ ಅವನಿಗೆ ಏನು ತಿನ್ನಿಸ್ತೀರಿ ಅತ್ತೆ?"

"ಏನು ಹಂಗಂದ್ರೆ?" ಶಿವಗಂಗಮ್ಮ ಅಡುಗೆಮನೆಯಿಂದ ಬಂದರು. "ನಾನು ವಿಷ ಹಾಕ್ತಿದೀನಿ ಅಂತಾನಾ? ಕೇಳಿಸ್ಕೊಂಡ್ಯೇನೋ ಮೋಹನಾ, ನಿನ್ನ ಹೆಂಡ್ತಿ ಮಾತು?"

"ನಾನು ಹಂಗನ್ಲಿಲ್ಲ. ಏನು ತಿನ್ನಿಸ್ತೀರಿ ಅಂತ ಕೇಳಿದೆ."

"ನೀನು ಕಾಸಿಟ್ಟು ಹೋಗೋ ಸರಿ. ಮಗುಗೆ ತಾಯಿ ಬೇಕು, ತಾಯಿಗೆ ಅಂಗಡಿ ಬೇಕು. ಅದೇ ಅವನ ಕಾಯಿಲೆ."

ಭುವನೇಶ್ವರಿ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಕೆಳಗಿಳಿದಳು. ಮೋಹನ್ ಕುಮಾರ್ ಹಿಂದೆ ಬರುತ್ತಾನೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ.

ಕೆಳಗಿನ ಹಿಂಬದಿಯ ಮನೆಯಲ್ಲಿ ಬಾಡಿಗೆಗಿದ್ದ ಅನು ಗೇಟಿನ ಹತ್ತಿರ ತನ್ನ ಆರು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಅಕ್ಕ, ಎಲ್ಲಿಗೆ ಇಷ್ಟು ಅವಸರ? ಪಾಪುಗೆ ಮತ್ತೆ ಹುಷಾರಿಲ್ವಾ? ಆ ಹನಿ ನಿಲ್ಲಿಸಿಬಿಟ್ರಾ?"

"ಯಾವ ಹನಿ?"

"ಅದೇ, ಉಮಾ ಆಂಟಿ ಕೊಡ್ತಾರಲ್ಲ. ಮೀನೆಣ್ಣೆದು. ಜೀವನ್‌ಗೆ ದಿನಾ ಕೊಡ್ತೀವಿ, ಅದಕ್ಕೇ ಇಷ್ಟು ದುಂಡಗಿದಾನೆ ಅಂದ್ರು. ನಾನೂ ಮೊನ್ನೆಯಿಂದ ಶುರು ಮಾಡಿದೀನಿ."

ಅನು ಫೋನು ತೆಗೆದು ತೋರಿಸಿದಳು. ಉಮಾಶ್ರೀಯ ವಾಟ್ಸಾಪ್ ಸ್ಟೇಟಸ್. ಜೀವನ್ ನಗುತ್ತಿದ್ದ. ಅವನ ತೊಡೆಗೆ ಒರಗಿಸಿ ಒಂದು ಕಂದು ಬಾಟಲಿ ಇಟ್ಟಿದ್ದರು. 'ನಮ್ಮ ಮನೆಯ ಪುಟ್ಟ ಪೈಲ್ವಾನ್' ಎಂದು ಕೆಳಗೆ ಬರೆದಿತ್ತು. ಭುವನೇಶ್ವರಿಯ ಫೋನಿನಲ್ಲಿ ಆ ಸ್ಟೇಟಸ್ ಇರಲಿಲ್ಲ. ಉಮಾಶ್ರೀ ಅದನ್ನು ಅವಳಿಗೆ ಕಾಣದ ಹಾಗೆ ಇಟ್ಟಿದ್ದಳು.

"ಆ ಬಾಟ್ಲಿ ತಗೊಂಡ್ ಬಾ," ಎಂದಳು. "ಬೇಗ. ನಿನ್ನ ಮಗೂಗೆ ಇನ್ನೊಂದು ಹನೀನೂ ಹಾಕ್ಬೇಡ."

ಡಾಕ್ಟರು ನೆತ್ತಿ ಮುಟ್ಟಿದರು, ಒಡೆದ ತುಟಿ ನೋಡಿದರು, ಕನ್ನಡಕ ಮೇಲೇರಿಸಿ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿದರು.

"ಇದರಲ್ಲಿ ವಿಟಮಿನ್ ಎ ಇದೆ. ದೊಡ್ಡೋರಿಗೂ ಜಾಸ್ತಿ ಅನ್ನೋಷ್ಟಿದೆ. ಇದು ಮೈಯಿಂದ ಬೇಗ ಹೋಗಲ್ಲ, ಸೇರ್ತಾ ಹೋಗುತ್ತೆ. ಸೇರಿ ಸೇರಿ ತಲೆ ಒಳಗಿನ ಒತ್ತಡ ಏರಿಸುತ್ತೆ. ಎಷ್ಟು ಕೊಡ್ತಿದ್ರಿ?"

"ನಾನು ಕೊಟ್ಟಿಲ್ಲ. ತಾಳಿ ಮೇಡಂ."

ಅವಳು ಉಮಾಶ್ರೀಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. ಮೋಹನ್ ಕುಮಾರ್ ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ.

"ಉಮಕ್ಕ, ಡಾಕ್ಟ್ರ ಎದುರು ಕೂತಿದೀನಿ. ನಿಮ್ಮ ಬಾಟ್ಲಿ ಇವರ ಕೈಯಲ್ಲಿದೆ. ಜೀವನ್‌ಗೆ ದಿನಕ್ಕೆ ಎಷ್ಟು ಹಾಕ್ತಿದ್ರಿ?"

"ಚಮಚ ಅಷ್ಟೇ. ಅದು ನ್ಯಾಚುರಲ್ ಕಣೇ, ಕೆಮಿಕಲ್ ಅಲ್ಲ."

"ಹನಿ ಅಲ್ಲ, ಚಮಚ?"

"ಮೊದಲು ಹನಿ. ಆಸ್ಪತ್ರೆಯಿಂದ ಬಂದ್ಮೇಲೆ ಮಗು ಇಳಿದುಹೋಗಿದ್ದ. ಅದಕ್ಕೆ ಸ್ವಲ್ಪ ಜಾಸ್ತಿ..."

ಭುವನೇಶ್ವರಿ ಫೋನು ಕಟ್ ಮಾಡಿದಳು. ಡಾಕ್ಟರ ಮುಖ ಕೆಂಪಾಗಿತ್ತು. "ಅವತ್ತು ಎಲ್ಲರನ್ನೂ ನಿಲ್ಲಿಸಿ ಕೇಳಿದ್ದೆ," ಎಂದರು, ಮೋಹನನ ಕಡೆ ತಿರುಗಿ. "ಜ್ವರ ಇತ್ತು, ಆ ಸೂಜಿ ಹಾಕಲೇಬೇಕಿತ್ತು. ಅದರಿಂದ ಮಗೂಗೆ ಏನೂ ಆಗಿಲ್ಲ, ಆ ಮಾತು ಬಿಡಿ. ಆದ್ರೆ ನಿಜ ಹೇಳಿದ್ದಿದ್ರೆ ಈ ಎರಡನೇ ಸಲ ಬರ್ತಿರಲಿಲ್ಲ. ಇನ್ನೂ ಮುಂದುವರಿದಿದ್ರೆ ಕಣ್ಣಿನ ನರಕ್ಕೆ ಪೆಟ್ಟು ಬೀಳ್ತಿತ್ತು."

ಮಗುವನ್ನು ನೋಡಿಕೊಳ್ಳಲು ಅಲ್ಲೇ ಇರಿಸಿಕೊಂಡರು. ಎಣ್ಣೆ ನಿಂತ ಮೇಲೆ ವಾಂತಿ ನಿಂತಿತು. ನೆತ್ತಿ ಇಳಿಯತೊಡಗಿತು.

ಮನೆಗೆ ಬಂದವಳೇ ಭುವನೇಶ್ವರಿ ಮಗುವನ್ನು ಮೋಹನನ ಕೈಗೆ ಕೊಟ್ಟು ನೇರವಾಗಿ ಅಡುಗೆಮನೆಗೆ ನುಗ್ಗಿದಳು. ಶಿವಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಉಮಾಶ್ರೀ ಪಕ್ಕದಲ್ಲಿ ಕೂತಿದ್ದಳು. ಸಿಟ್ಟು ಬಂದರೆ ಭುವನೇಶ್ವರಿಯ ನಾಲಿಗೆ ತನ್ನ ಅವ್ವನ ಮಾತಿಗೆ ಹೊರಳುತ್ತಿತ್ತು.

"ಏನ್ ಹಾಕೀರಿ ನನ್ ಕೂಸಿನ ಹೊಟ್ಟಿಗೆ? ಹೇಳ್ರಿ ಈಗ. ನನ್ನ ಮುಖ ನೋಡಿ ಹೇಳ್ರಿ."

"ನಿಮ್ಮೂರ ಭಾಷೆ ಇಲ್ಲಿ ಬೇಡ," ಎಂದಳು ಉಮಾಶ್ರೀ. "ಕೂತು ಮಾತಾಡು. ನಾನೇನು ಕೆಟ್ಟದ್ದು ಮಾಡ್ಬೇಕು ಅಂತ ಕೊಟ್ನಾ? ನನ್ನ ಅಳಿಯ ಅಲ್ವಾ ಅವನು?"

"ನಿಮ್ಮ ಅಳಿಯನ್ನ ಬಾಟ್ಲಿ ಪಕ್ಕ ಕೂರ್ಸಿ ಫೋಟೋ ತೆಗೆದು ಮಾರಿದ್ರಿ."

"ಮಾರಿದೆ. ಗಂಡನ್ನ ಬಿಟ್ಟು ಬಂದೋಳು ಅಂತ ಬೀದಿಯೆಲ್ಲ ಆಡ್ಕೊಂಡಾಗ ನಿನ್ನ ಮಾವ ನನ್ನ ಪರ ಒಂದು ಮಾತಾಡ್ಲಿಲ್ಲ. ಈ ಕೆಲಸ ನನ್ನ ಕೈ ಹಿಡೀತು. ನನ್ನ ಅನ್ನ ನಾನು ತಿಂತಿದೀನಿ. ಅದು ಒಳ್ಳೇದು ಅಂತ ನಂಬಿ ನಾನೇ ದಿನಾ ಕುಡೀತೀನಿ."

"ನಂಬಿದ್ರೆ ಡಾಕ್ಟ್ರು ಕೇಳಿದಾಗ ಯಾಕೆ ಹೇಳ್ಲಿಲ್ಲ?"

ಉಮಾಶ್ರೀ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದಳು.

"ಬಾಗಿಲ ಆ ಕಡೆ ಅವನನ್ನ ಬಗ್ಗಿಸಿ ಹಿಡಿದಿದ್ರು. ಅವನು ಕಿರುಚೋದು ನಿಮಗೂ ಕೇಳಿಸ್ತಿತ್ತು. ಅದನ್ನ ಕೇಳಿಸ್ಕೊಂಡೂ ನೀವು ಮೊಳಕೆ ಕಟ್ಟಿಸಿದ ರಾಗಿ ಕಥೆ ಹೇಳಿದ್ರಿ. ಅದಾದ್ಮೇಲೆ ಮನೇಗೆ ತಂದು ಚಮಚ ಮಾಡಿದ್ರಿ. ಮೂರು ವಾರ ಈ ಮನೇಲಿ ನಾನು ಮಗೂಗೆ ಚುಚ್ಚಿಸಿದ ಪಾಪಿ. ನೀವು ನನ್ನ ಪರ ಮಾತಾಡೋ ಪುಣ್ಯಾತ್ಗಿತ್ತಿ." ಅವಳು ಅತ್ತೆಯ ಕಡೆ ತಿರುಗಿದಳು. "ನೀವು? ನಿಮಗೆ ಗೊತ್ತಿತ್ತಾ?"

ಶಿವಗಂಗಮ್ಮನ ಕೈ ಅವರೆಕಾಯಿಯ ರಾಶಿಯಲ್ಲಿ ನಿಂತಿತು. "ಅವಳು ಕೊಡ್ತಿದ್ಲು, ನಾನು ಸರೀಗೆ ಕಲಸ್ತಿದ್ದೆ. ಒಳ್ಳೇದು ಅಂದ್ಲು. ನಿಂಗೆ ಹೇಳಿದ್ರೆ ಬೇಡ ಅಂತೀಯ ಅಂದ್ಲು."

"ಅಂತಿದ್ದೆ. ಖಂಡಿತ ಅಂತಿದ್ದೆ."

ಆ ರಾತ್ರಿ ಒಲೆ ಹೊತ್ತಲಿಲ್ಲ. ಮೋಹನ್ ಕುಮಾರ್ ಹೋಟೆಲಿನಿಂದ ಇಡ್ಲಿ ತಂದ. ಅಂಜಿನಯ್ಯ ಎಲ್ಲರನ್ನೂ ಕೂರಿಸಿ ತೀರ್ಪು ಕೊಟ್ಟರು. "ಆಗಿದ್ದು ಆಯ್ತು. ಮಗು ಹುಷಾರಾಯ್ತು. ಉಮಾ, ಇನ್ಮೇಲೆ ಮಗೂಗೆ ಏನೂ ಕೊಡಕೂಡದು. ಭುವನಾ, ನೀನು ಇದನ್ನ ಹೊರಗೆ ಆಡಕೂಡದು. ಇಲ್ಲಿಗೆ ಮುಗೀತು."

"ಅನು ಮಗು?" ಎಂದಳು ಭುವನೇಶ್ವರಿ. "ಇನ್ನೂ ಯಾರ್ಯಾರ ಮನೇಲಿ ಎಷ್ಟು ಮಕ್ಕಳು ಕುಡೀತಿದಾವೆ? ಜೀವನ್ ಫೋಟೋ ನೋಡಿ ತಗೊಂಡಿರೋರು?"

"ಅವರವರ ಮಕ್ಕಳನ್ನ ಅವರವರು ನೋಡ್ಕೋತಾರೆ."

"ನೀವೇ ಹೇಳಿ ಉಮಕ್ಕ. ಭಾನುವಾರ ಮೇಲೆ ನಿಮ್ಮ ಕಂಪನಿ ಮೀಟಿಂಗ್ ಇದೆಯಲ್ಲ. ಎಲ್ಲರಿಗೂ ನೀವೇ ಹೇಳಿಬಿಡಿ, ನಾನು ಸುಮ್ಮನಿರ್ತೀನಿ."

"ಹೇಳಿದ್ರೆ ನನ್ನ ಕೆಳಗೆ ಸೇರಿ ಮಾರೋರೆಲ್ಲ ಬಿಟ್ಟು ಹೋಗ್ತಾರೆ," ಎಂದಳು ಉಮಾಶ್ರೀ. "ಮತ್ತೆ ಅಪ್ಪನ ಮುಂದೆ ಕೈಯೊಡ್ಡಿ ನಿಲ್ಲಲಾ?"

ಭುವನೇಶ್ವರಿ ಇಡ್ಲಿಯ ಎಲೆಯನ್ನು ಮಡಿಸಿ ಎದ್ದಳು. ಹಾಸಿಗೆಯಲ್ಲಿ ಮೋಹನ್ ಕುಮಾರ್, "ಅಪ್ಪ ಹೇಳಿದ್ದು ಸರಿ ಕಣೇ, ಮನೆ ಮರ್ಯಾದೆ," ಎಂದಾಗ ಅವಳು ಗೋಡೆಯ ಕಡೆ ತಿರುಗಿ, "ನಿಮ್ಮನೆ ಮರ್ಯಾದೆ ನನ್ನ ಮಗನ ತಲೆ ಒಳಗೆ ಉಬ್ಬಿತ್ತು," ಎಂದಳು.

ಭಾನುವಾರ ಮೇಲಿನ ಮನೆಯ ಹಾಲಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಉಪ್ಪಿಟ್ಟು, ಕೇಸರಿಭಾತಿನ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಉಮಾಶ್ರೀ ರೇಷ್ಮೆ ಸೀರೆಯುಟ್ಟು, ಕಂಪನಿಯ ಬ್ಯಾಡ್ಜು ಚುಚ್ಚಿಕೊಂಡು ನಿಂತಿದ್ದಳು. ಮೋಹನ್ ಕುಮಾರ್ ಮೆಟ್ಟಿಲ ಮೇಲೆ ಹೆಂಡತಿಗೆ ಅಡ್ಡ ನಿಂತ.

"ಬೇಡ ಭುವನಾ. ಅವಳಿಗಿರೋದು ಇದೊಂದೇ."

"ಗೊತ್ತು. ಜರುಗಿ."

"ಜರುಗ್ದಿದ್ರೆ?"

"ಇಲ್ಲಿಂದಲೇ ಕೂಗಿ ಹೇಳ್ತೀನಿ. ಬೀದಿಯೆಲ್ಲ ಕೇಳುತ್ತೆ. ಯಾವುದು ಬೇಕು?"

ಅವನು ಜರುಗಿದ. ಜೀವನನನ್ನು ಸೊಂಟದ ಮೇಲೆ ಹೊತ್ತು ಅವಳು ಹಾಲಿಗೆ ಹೋದಳು. ಹೆಂಗಸರು ಮಗುವನ್ನು ಗುರುತು ಹಿಡಿದು ನಕ್ಕರು. ಒಬ್ಬಳು, "ಬಾರೋ ಪೈಲ್ವಾನ್," ಎಂದು ಕೈ ಚಾಚಿದಳು.

"ಈ ಮಗು ಆ ಎಣ್ಣೆ ಕುಡಿದು ಎರಡು ಸಲ ಆಸ್ಪತ್ರೆ ಸೇರಿದೆ," ಎಂದಳು ಭುವನೇಶ್ವರಿ. "ತಲೆ ಒಳಗೆ ಒತ್ತಡ ಏರಿ ನೆತ್ತಿ ಉಬ್ಬಿತ್ತು. ನಿಮ್ಮ ಮಕ್ಕಳಿಗೆ ಕೊಡ್ತಿದ್ರೆ ಇವತ್ತೇ ನಿಲ್ಲಿಸಿ. ನೆತ್ತಿ ಮುಟ್ಟಿ ನೋಡಿ. ಡಾಕ್ಟ್ರಿಗೆ ಬಾಟ್ಲಿ ತೋರಿಸಿ."

ತಟ್ಟೆಗಳ ಸದ್ದು ನಿಂತಿತು. ಉಮಾಶ್ರೀ ಮೆಲ್ಲಗೆ ನಕ್ಕಳು. ಆ ನಗು ಭುವನೇಶ್ವರಿಯ ಮೈಯನ್ನೆಲ್ಲ ಉರಿಸಿತು.

"ತಪ್ಪು ತಿಳ್ಕೋಬೇಡಿ. ಮಗೂಗೆ ವೈರಲ್ ಫೀವರ್ ಬಂದಿತ್ತು. ಇವಳೇ ಹಟ ಮಾಡಿ ಬೆನ್ನಿಗೆ ಸೂಜಿ ಹಾಕ್ಸಿದ್ಲು. ಆಮೇಲೆ ಏನೇನೋ ಶುರುವಾಯ್ತು. ಈಗ ಅದನ್ನ ನನ್ನ ಮೇಲೆ ಹಾಕ್ತಿದಾಳೆ. ನಾನು ಬೆಳೀತಿರೋದು ಕಂಡ್ರೆ ಆಗಲ್ಲ ಇವಳಿಗೆ. ಜೀವನ್‌ಗೆ ನಾವು ಅಷ್ಟೊಂದು ಕೊಟ್ಟೇ ಇಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆ ನಾದಿನಿ ಜಗಳ ಎನ್ನುವುದು ಎಲ್ಲರಿಗೂ ಸುಲಭವಾಗಿ ಅರ್ಥವಾಗುವ ವಿಷಯ. ಒಬ್ಬಳು ಮತ್ತೆ ಚಮಚ ಎತ್ತಿಕೊಂಡಳು.

ಆಗ ಶಿವಗಂಗಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ಮಗಳ ಕಡೆ ನೋಡದೆ ಹೇಳಿದರು:

"ಕೊಟ್ಟಿದೀವಿ. ನಾನೇ ಸರೀಲಿ ಕಲಸಿ ತಿನ್ನಿಸಿದ್ದು. ದಿನಾ ಒಂದು ಚಮಚ. ಸೂಜಿಯಿಂದ ಏನೂ ಆಗಿಲ್ಲ."

"ಅಮ್ಮಾ," ಎಂದಳು ಉಮಾಶ್ರೀ.

"ಇನ್ನು ಸಾಕು ಉಮಾ. ಅವನು ವಾಂತಿ ಮಾಡಿದ್ದನ್ನೆಲ್ಲ ಬಳಿದೋಳು ನಾನು."

ಅನು ಮೊದಲು ಎದ್ದಳು. ಅವಳ ಹಿಂದೆ ಇಬ್ಬರು ಚಪ್ಪಲಿ ಹುಡುಕಿದರು. ಇನ್ನೊಬ್ಬಳು, "ನಮ್ಮ ಮಗೂಗೆ ಏನೂ ಆಗಿಲ್ವಲ್ಲ," ಎನ್ನುತ್ತಾ ಕೂತೇ ಇದ್ದಳು. ಉಮಾಶ್ರೀ ಬ್ಯಾಡ್ಜು ಕಿತ್ತು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಿನಿಂದ ಅಳು ಕೇಳಿಸಿತು. ಭುವನೇಶ್ವರಿ ಅದನ್ನು ಕೇಳಿಸಿಕೊಂಡೇ ಮೆಟ್ಟಿಲಿಳಿದಳು. ಅವಳಿಗೆ ಗೆದ್ದಂತೆಯೂ ಅನ್ನಿಸಲಿಲ್ಲ, ಅಯ್ಯೋ ಅಂತಲೂ ಅನ್ನಿಸಲಿಲ್ಲ.

ವಾರಗಳು ಕಳೆದವು. ಅನುವಿನ ಮಗುವಿಗೆ ಏನೂ ಆಗಿರಲಿಲ್ಲ, ಬೇಗ ನಿಲ್ಲಿಸಿದ್ದು ಒಳ್ಳೆಯದಾಯಿತು. ಜೀವನನ ತುಟಿಯ ಬಿರುಕು ಮಾಸಿತು, ಕೂದಲು ಮತ್ತೆ ಬಂತು. ಡಾಕ್ಟರು ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ, ಯಾವ ತೊಂದರೆಯೂ ಇಲ್ಲ ಎಂದರು. ಅಂಜಿನಯ್ಯ ಕಾಲು ಒತ್ತಿ ನೋಡುವುದನ್ನು ಬಿಟ್ಟರು. ಸೂಜಿಯ ಮಾತು ಮತ್ತೆ ಎತ್ತಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. ಉಮಾಶ್ರೀ ಕಂಪನಿ ಬಿಟ್ಟು ರಾಜಾಜಿನಗರದ ಒಂದು ಲ್ಯಾಬಿನ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ದಾಟುತ್ತಿದ್ದರು.

ಭುವನೇಶ್ವರಿ ಬೆಳಿಗ್ಗೆ ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿ, ಅವ್ವ ಕಸ್ತೂರೆವ್ವನ ಹತ್ತಿರ ಮಗುವನ್ನು ಬಿಟ್ಟು, ಅಲ್ಲಿಂದ ವಿಜಯನಗರದ ಅಂಗಡಿಗೆ ಬರುತ್ತಿದ್ದಳು. ಸಂಜೆ ಮತ್ತೆ ಅದೇ ಸುತ್ತು. ಸೊಂಟ ಬಿದ್ದುಹೋಗುತ್ತಿತ್ತು. ಶಿವಗಂಗಮ್ಮ ಹಗಲೆಲ್ಲ ಖಾಲಿ ಮನೆಯಲ್ಲಿ ಕೂತು, ಮಗುವಿನ ಒಣಗಿದ ಬಟ್ಟೆಗಳನ್ನು ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದರು.

ಒಂದು ಸಂಜೆ ಅವಳು ಜೀವನನನ್ನು ನೆಲದ ಮೇಲೆ ಕೂರಿಸಿಕೊಂಡು ಸರಿ ತಿನ್ನಿಸುತ್ತಿದ್ದಾಗ ಮೋಹನ್ ಕುಮಾರ್ ಪಕ್ಕದಲ್ಲಿ ಬಂದು ಕೂತ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಎಲ್ಲರ ಮುಂದೆ ಅಮ್ಮ ಒಪ್ಕೊಂಡಿದಾಳೆ. ಅವಳ ಮಗಳೇ ಅವಳ ಹತ್ರ ಮಾತು ಬಿಟ್ಟಿದಾಳೆ. ಮಗೂನ ಅವಳ ಹತ್ರ ಬಿಟ್ಟು ಹೋಗ್ಬಾರ್ದಾ? ಇನ್ನೂ ಎಷ್ಟು ದಿನ ಭುವನಾ ಈ ಸಿಟ್ಟು?"

ಭುವನೇಶ್ವರಿ ಮಗುವಿನ ಗಲ್ಲಕ್ಕೆ ಇಳಿದ ಸರಿಯನ್ನು ಚಮಚದಲ್ಲಿ ಕೆರೆದು ಮತ್ತೆ ಬಾಯಿಗಿಟ್ಟಳು. ದನಿ ಏರಿಸಲಿಲ್ಲ. ಬಾಗಿಲವರೆಗೂ ಕೇಳುವಷ್ಟೇ ಇತ್ತು.

"ಇವನು ಮಾತು ಕಲಿಯೋವರೆಗೂ. ಯಾರು ಏನು ತಿನ್ನಿಸಿದ್ರು ಅಂತ ಇವನೇ ಬಂದು ನನಗೆ ಹೇಳೋವರೆಗೂ."